ನಾಟಕ ಮುಗಿದ ಮೇಲಿನ ಎರಡು ಗಂಟೆ: ಶಿವಮೊಗ್ಗದಿಂದ ನಾಟಕ ನೋಡಲು ಎಲ್ಲಿಗೆ ಹೋಗೋದು?

ಭಾನುವಾರ ರಾತ್ರಿ ಒಂಬತ್ತೂಕಾಲು. ನಾಟಕ ಈಗಷ್ಟೇ ಮುಗಿದಿದೆ. ಬೆಂಗಳೂರಿನ ಜೆ.ಪಿ. ನಗರದ ರಸ್ತೆ ಬದಿಯಲ್ಲಿ ನಾವು ಐದು ಜನ. ಒಬ್ಬ ಬಂದ ಆಟೊಗೆಲ್ಲ ಕೈ ಅಡ್ಡ ಹಿಡಿಯುತ್ತಿದ್ದಾನೆ. ಒಬ್ಬಳು ಮೊಬೈಲಿನಲ್ಲಿ ಕ್ಯಾಬ್ ಹುಡುಕುತ್ತಿದ್ದಾಳೆ. ಇನ್ನೊಬ್ಬರಿಗೆ ಹೊಟ್ಟೆ ಚುರುಗುಟ್ಟುತ್ತಿದೆ. ಊರಿಗೆ ಹೋಗುವ ರೈಲು ಮೆಜೆಸ್ಟಿಕ್‌ನಲ್ಲಿ. ನೋಡಿದ ನಾಟಕದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ರೈಲು ಹತ್ತಿದ ಮೇಲೆ ಆರಾಮಾಗಿ ಮಾತಾಡೋಣ ಅಂದುಕೊಂಡೆವು. ಓಡಿ ಹತ್ತಿ ನೋಡಿದರೆ ನಮ್ಮ ಐದು ಬರ್ತು ಮೂರು ಬೋಗಿಯಲ್ಲಿ ಹಂಚಿಹೋಗಿತ್ತು.

ಅವತ್ತಿನಿಂದ ಊರು ಆರಿಸುವ ನಮ್ಮ ಲೆಕ್ಕವೇ ಬೇರೆಯಾಯಿತು. ಮೊದಲೆಲ್ಲ ಯಾವ ನಾಟಕ, ಯಾರ ನಿರ್ದೇಶನ ಅಂತ ನೋಡುತ್ತಿದ್ದೆವು. ಈಗ ಅದರ ಜೊತೆಗೆ ಇನ್ನೊಂದನ್ನೂ ಕೇಳುತ್ತೇವೆ: ನಾಟಕ ಮುಗಿದ ಮೇಲಿನ ಎರಡು ಗಂಟೆ ಎಲ್ಲಿ ಕಳೆಯೋದು? ಗೆಳೆಯರ ಜೊತೆ ನಾಟಕಕ್ಕೆ ಹೋಗೋದೇ ಆಮೇಲೆ ಕೂತು ಜಗಳ ಆಡಲಿಕ್ಕೆ ಅಲ್ವಾ? ಸುಮ್ನೆ ನೋಡಿಕೊಂಡು ಬರೋದಾದರೆ ಒಬ್ಬರೇ ಹೋದರೂ ನಡೆಯುತ್ತದೆ.

ನಮ್ಮ ಗುಂಪಿನ ಪರಿಚಯ ಮಾಡಿಬಿಡುತ್ತೇನೆ, ಮುಂದೆ ಅನುಕೂಲವಾಗುತ್ತದೆ. ಒಬ್ಬರು ಹೈಸ್ಕೂಲು ಮೇಷ್ಟ್ರು, ಎಲ್ಲರಿಗಿಂತ ಹಿರಿಯರು. ಒಬ್ಬಳು ಬ್ಯಾಂಕಿನಲ್ಲಿದ್ದಾಳೆ, ಸೋಮವಾರ ಹತ್ತು ಗಂಟೆಗೆ ಕೌಂಟರಿನಲ್ಲಿ ಇರಲೇಬೇಕು. ಒಬ್ಬ ದುರ್ಗಿಗುಡಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಒಬ್ಬನಿಗೆ ಸಾಗರದ ಹತ್ತಿರ ಅಡಿಕೆ ತೋಟ. ಐದನೆಯವನು ನಾನು, ಟಿಕೆಟ್ ಬುಕ್ ಮಾಡಿ ಎಲ್ಲರಿಂದಲೂ ಬೈಸಿಕೊಳ್ಳುವವನು.

ಶಿವಮೊಗ್ಗದವರಿಗೆ ವಾರಾಂತ್ಯಕ್ಕೆ ಆಗಿಬರುವ ಜಾಗ ಮೂರು. ಬೆಂಗಳೂರು, ಮೈಸೂರು, ಮತ್ತೆ ನಗರವೇ ಅಲ್ಲದ ಹೆಗ್ಗೋಡು. ನಾಲ್ಕನೆಯದು ನಮ್ಮ ಶಿವಮೊಗ್ಗವೇ. ಅದನ್ನು ಕೊನೆಗೆ ಹೇಳುತ್ತೇನೆ.

ಬೆಂಗಳೂರು

ಬೆಂಗಳೂರಿನ ದೊಡ್ಡ ಅನುಕೂಲ ಅಂದರೆ ನಾಟಕ ಇದೆಯೋ ಇಲ್ಲವೋ ಅನ್ನುವ ಚಿಂತೆ ಇಲ್ಲ. ಜೆ.ಪಿ. ನಗರ ಎರಡನೇ ಹಂತದ ರಂಗಶಂಕರದಲ್ಲಿ ಸೋಮವಾರ ಬಿಟ್ಟು ಹೆಚ್ಚುಕಡಿಮೆ ದಿನಾ ಒಂದು ನಾಟಕ. ಸಾಮಾನ್ಯವಾಗಿ ಸಂಜೆ 7:30ಕ್ಕೆ. ಶನಿವಾರ, ಭಾನುವಾರ ಮಧ್ಯಾಹ್ನ 3:30ಕ್ಕೂ ಒಂದು ಪ್ರದರ್ಶನ ಇರುವುದು ರೂಢಿ. ಈ ಮೂರೂವರೆಯ ಆಟವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ರಂಗಶಂಕರ ಶುರುವಾಗಿದ್ದು 2004ರಲ್ಲಿ, ಶಂಕರ್ ನಾಗ್ ನೆನಪಿಗೆ. ಅವರ ಪತ್ನಿ ಅರುಂಧತಿ ನಾಗ್ ಅದರ ಹಿಂದೆ ವರ್ಷಗಟ್ಟಲೆ ಓಡಾಡಿ ಕಟ್ಟಿದ್ದು. ನಮ್ಮ ಕಡೆಯವರಿಗೆ ಶಂಕರ್ ನಾಗ್ ಅಂದರೆ ಮೊದಲು ಕಣ್ಣಿಗೆ ಬರೋದು ಆಗುಂಬೆ. ಮಾಲ್ಗುಡಿ ಡೇಸ್ ಧಾರಾವಾಹಿ ಚಿತ್ರೀಕರಣ ಆಗಿದ್ದು ಅಲ್ಲೇ ತಾನೆ. ರೈಲ್ವೆ ಸ್ಟೇಷನ್ ದೃಶ್ಯಗಳಿಗೆ ಬಳಸಿದ್ದು ಅರಸಾಳು ನಿಲ್ದಾಣ. ಈಗ ಅಲ್ಲೊಂದು ಮಾಲ್ಗುಡಿ ಮ್ಯೂಸಿಯಮ್ಮೇ ಇದೆ. ಹಾಗಾಗಿ ಮಲೆನಾಡಿನವರು ರಂಗಶಂಕರಕ್ಕೆ ಹೋದರೆ ಸಂಬಂಧಿಕರ ಮನೆಗೆ ಹೋದ ಹಾಗೆ ಅಂತ ಮೇಷ್ಟ್ರು ಪ್ರತಿ ಸಲ ಹೇಳುತ್ತಾರೆ. ಟಿಕೆಟ್ ಮಾತ್ರ ಸಂಬಂಧಿಕರಿಗೂ ಇದೆ.

ಒಳಗೆ ಸುಮಾರು 320 ಸೀಟು. ವೇದಿಕೆ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ, ಮೂರು ಕಡೆ ಜನ ಕೂರುತ್ತಾರೆ. ಇದರಿಂದ ಹಿಂದಿನ ಸಾಲಿನಲ್ಲಿ ಕೂತರೂ ನಟನ ಮುಖ ಕಾಣುತ್ತದೆ, ಪಿಸುಮಾತು ಕೇಳುತ್ತದೆ. ಮೊದಲ ಸಲ ನಾಟಕ ನೋಡುವವರನ್ನು ಕರೆದುಕೊಂಡು ಹೋಗಲು ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಮ್ಮ ಮೆಡಿಕಲ್ ಶಾಪಿನವನು ಅಲ್ಲಿವರೆಗೆ ನಾಟಕ ಅಂದರೆ ಸ್ಕೂಲ್ ಡೇ ಅಂದುಕೊಂಡಿದ್ದ. ಅವನಿಂದ ನಾಲ್ಕು ಮೊಳ ದೂರದಲ್ಲಿ ನಟಿಯೊಬ್ಬಳು ಕಣ್ಣೀರು ಹಾಕಿದಳು. ಅವನು ಜೇಬಿನಿಂದ ಕರ್ಚೀಫು ತೆಗೆದ. ಆಮೇಲೆ ಅದು ಶೀತಕ್ಕೆ ಅಂದ.

ಒಂದು ವಿಷಯದಲ್ಲಿ ಎಚ್ಚರ ಬೇಕು. ಮೂರನೇ ಬೆಲ್ ಆದ ಮೇಲೆ ಬಾಗಿಲು ಹಾಕಿದರೆ ಮುಗೀತು. ಶಿವಮೊಗ್ಗದಿಂದ ಬಂದಿದ್ದೇವೆ, ಟ್ರಾಫಿಕ್ ಇತ್ತು, ಮಳೆ ಬಂತು ಅನ್ನೋದು ನಡೆಯುವುದಿಲ್ಲ. ನಡೆಯಬಾರದು ಕೂಡ. ನಗರದ ಇನ್ನೊಂದು ಕಡೆ ನಾವೇ ಒಮ್ಮೆ ಹತ್ತು ನಿಮಿಷ ತಡವಾಗಿ ಹೋಗಿ ಹೊರಗೇ ಉಳಿದೆವು. ತಪ್ಪು ಪೂರ್ತಿ ನಮ್ಮದೇ. ದೋಸೆಗೆ ಇನ್ನೊಂದು ಪ್ಲೇಟ್ ಆರ್ಡರ್ ಮಾಡಿದವನ ಹೆಸರು ಇಲ್ಲಿ ಬೇಡ. ಅರ್ಧ ಗಂಟೆ ಮೊದಲೇ ಹೋಗಿ. ಬೇಗ ಹೋದರೆ ಐದೂ ಜನರಿಗೆ ಒಟ್ಟಿಗೆ ಕೂರಲು ಜಾಗ ಸಿಗುವ ಸಾಧ್ಯತೆ ಜಾಸ್ತಿ. ಕಟ್ಟಡದಲ್ಲೇ ತಿಂಡಿ-ಕಾಫಿಯ ಜಾಗ ಇದೆ, ಕಾಯೋದು ಬೇಜಾರಾಗುವುದಿಲ್ಲ.

ರವೀಂದ್ರ ಕಲಾಕ್ಷೇತ್ರದ ರುಚಿ ಬೇರೆ. ಜೆ.ಸಿ. ರಸ್ತೆಯಲ್ಲಿ, ಟೌನ್‌ಹಾಲ್ ಹತ್ತಿರ. 1963ರಿಂದ ಬೆಂಗಳೂರಿನ ಕನ್ನಡ ನಾಟಕದ ದೊಡ್ಡ ಮನೆ ಇದ್ದ ಹಾಗೆ. ಅದರ ಹಿಂದೆಯೇ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ. ಒಂದೇ ಸಂಜೆ ಆ ಆವರಣದಲ್ಲಿ ಎರಡು-ಮೂರು ಕಡೆ ಕಾರ್ಯಕ್ರಮ ನಡೆಯುವುದೂ ಉಂಟು. ಕಲಾಕ್ಷೇತ್ರದಲ್ಲಿ ಹಾಡು, ಗುಂಪು, ಯುದ್ಧ, ಆಸ್ಥಾನ ಎಲ್ಲ ಇರುವ ದೊಡ್ಡ ನಾಟಕ ನೋಡಬೇಕು. ನಾಲ್ಕು ಜನ ಕುರ್ಚಿಯಲ್ಲಿ ಕೂತು ಮೆಲ್ಲಗೆ ಮಾತಾಡುವ ನಾಟಕ ಅಲ್ಲಿ ಹಿಂದಿನ ಸಾಲಿಗೆ ತಲುಪುವಷ್ಟರಲ್ಲಿ ತಣ್ಣಗಾಗಿರುತ್ತದೆ. ಮುಂದಿನ ಹತ್ತು ಸಾಲಿನೊಳಗೆ ಕೂತರೆ ಸರಿ. ಮೆಜೆಸ್ಟಿಕ್‌ಗೆ ಹತ್ತಿರ ಅನ್ನೋದು ಅದರ ಹೆಚ್ಚುಗಾರಿಕೆ. ರಾತ್ರಿ ಬಸ್ಸಿಗೋ ರೈಲಿಗೋ ಓಡುವವರಿಗೆ ಜೆ.ಪಿ. ನಗರಕ್ಕಿಂತ ಎಷ್ಟೋ ವಾಸಿ.

ಬೆಂಗಳೂರಿನಲ್ಲಿ ಬುಕ್ ಮಾಡುವ ಮುಂಚೆ ಭಾಷೆ ನೋಡಿ. ಕನ್ನಡ, ಇಂಗ್ಲಿಷ್, ಹಿಂದಿ, ಒಮ್ಮೊಮ್ಮೆ ಇನ್ನಾವುದೋ ಭಾಷೆ, ಎಲ್ಲವೂ ಇರುತ್ತದೆ. ಒಮ್ಮೆ ನಾನು ಚಿತ್ರ ನೋಡಿ ಐದು ಟಿಕೆಟ್ ತೆಗೆದೆ. ಹೋಗಿ ಕೂತ ಮೇಲೆ ಗೊತ್ತಾಯಿತು, ಅದು ಮಲಯಾಳಂ. ತೋಟದವನಿಗೆ ಮಾತ್ರ ಬಹಳ ಇಷ್ಟವಾಯಿತು. ಮಾತು ಅರ್ಥವಾಗದಿದ್ದರೆ ನಟರ ಕೈಕಾಲು ಚೆನ್ನಾಗಿ ಕಾಣ್ತದೆ ಮಾರಾಯ ಅಂದ. ಉಳಿದ ಮೂವರು ಇವತ್ತಿಗೂ ಅದನ್ನು ನನ್ನ ಮೇಲೆ ಹೇಳುತ್ತಾರೆ.

ಈಗ ಸಮಯದ ಲೆಕ್ಕ. ಶುಕ್ರವಾರ ರಾತ್ರಿ ತಾಳಗುಪ್ಪದಿಂದ ಬರುವ ಮೈಸೂರು ರೈಲು ಸಾಗರ, ಶಿವಮೊಗ್ಗದ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಮಲಗಿ ಎದ್ದರೆ ಬೆಂಗಳೂರು. ಇಲ್ಲವೇ ಶನಿವಾರ ಬೆಳಗಿನ ಜಾವದ ಜನಶತಾಬ್ದಿ. ಐದು ತಾಸಿನೊಳಗೆ ತಲುಪಿಸುತ್ತದೆ. ನಮ್ಮ ಆಯ್ಕೆ ಜನಶತಾಬ್ದಿ. ಯಾಕೆಂದರೆ ರಾತ್ರಿ ರೈಲು ಬೆಂಗಳೂರಿಗೆ ನಸುಕಿನಲ್ಲೇ ತಂದು ಬಿಡುತ್ತದೆ. ರೂಮು ಸಿಗೋದು ಹನ್ನೆರಡಕ್ಕೆ. ಅಲ್ಲಿವರೆಗೆ ಚೀಲ ಹೊತ್ತು ತಿರುಗಿದವರು ಸಂಜೆಯ ನಾಟಕದಲ್ಲಿ ತೂಕಡಿಸುತ್ತಾರೆ. ನಮ್ಮಲ್ಲಿ ಒಬ್ಬರು ಗೊರಕೆಯನ್ನೇ ಹೊಡೆದಿದ್ದಾರೆ. ಹಿರಿಯರು, ಹೆಚ್ಚು ಹೇಳೋದು ಬೇಡ.

ವಾಪಸ್ ಬರುವಾಗ ಸಂಜೆಯ ಜನಶತಾಬ್ದಿಯ ಆಸೆ ಬಿಡಿ. ಮೂರೂವರೆಯ ನಾಟಕ ನೋಡಿ ಅದನ್ನು ಹಿಡಿಯಲಾಗದು. ತಡರಾತ್ರಿ ಬೆಂಗಳೂರು ಬಿಟ್ಟು ಶಿವಮೊಗ್ಗ, ಸಾಗರದ ಮೇಲೆ ತಾಳಗುಪ್ಪಕ್ಕೆ ಹೋಗುವ ರೈಲೇ ಸರಿ. ಬೆಳಕು ಹರಿಯುವ ಮುಂಚೆ ಶಿವಮೊಗ್ಗ. ಬ್ಯಾಂಕಿನವಳು ಮನೆಗೆ ಹೋಗಿ ಎರಡು ತಾಸು ಮಲಗಿ, ತಲೆಸ್ನಾನ ಮಾಡಿ, ಕೌಂಟರಿಗೆ ಹಾಜರು.

ಹಾಗಾದರೆ ಯಾವ ಆಟ? ಶನಿವಾರ ಸಂಜೆ 7:30ರದ್ದು ಒಂದು, ಭಾನುವಾರ ಮಧ್ಯಾಹ್ನ 3:30ರದ್ದು ಒಂದು. ಭಾನುವಾರ 7:30ರದ್ದು ಬೇಡ. ಮೂರೂವರೆಯದು ಐದು-ಐದೂವರೆಗೆ ಮುಗಿದರೆ ಮುಂದೆ ನಾಲ್ಕೈದು ಗಂಟೆ ನಿಮ್ಮ ಕೈಯಲ್ಲಿ. ಬಸವನಗುಡಿಗೆ ಹೋಗಿ ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿ, ವಿದ್ಯಾರ್ಥಿ ಭವನದ ಮುಂದೆ ಸರತಿಯಲ್ಲಿ ನಿಂತು ದೋಸೆ ತಿನ್ನಬಹುದು. ಸರತಿಯಲ್ಲಿ ನಿಂತಾಗಲೇ ಅರ್ಧ ಜಗಳ ಆಗಿರುತ್ತದೆ. ಅಲ್ಲಿಂದ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ನಡೆದು ಹಸಿರು ಮೆಟ್ರೊ ಹತ್ತಿದರೆ ಮಾರ್ಗ ಬದಲಿಸದೆ ಮೆಜೆಸ್ಟಿಕ್. ರಂಗಶಂಕರದಿಂದಲೇ ನೇರ ಹೊರಡುವವರು ಜಯಪ್ರಕಾಶ ನಗರ ನಿಲ್ದಾಣದವರೆಗೆ ಆಟೊ ಹಿಡಿಯಿರಿ. ಅದೂ ಅದೇ ಹಸಿರು ಮಾರ್ಗ. ಆಟೊದವರು ಮೆಜೆಸ್ಟಿಕ್‌ಗೆ ಕೇಳುವ ರೇಟು ಕೇಳಿದರೆ ಅದೇ ಇನ್ನೊಂದು ನಾಟಕ.

ಮಲಗಲಿಕ್ಕೆ ಜಯನಗರ ಅಥವಾ ಬಸವನಗುಡಿ ಕಡೆ ರೂಮು ಮಾಡಿ. ಮೆಜೆಸ್ಟಿಕ್ ಅಗ್ಗ ಅಂತ ಹೋಗಿ ನಾವು ಒಮ್ಮೆ ಪಶ್ಚಾತ್ತಾಪ ಪಟ್ಟೆವು. ಆ ಲಾಡ್ಜಿನಲ್ಲಿ ಹನ್ನೊಂದಾದ ಮೇಲೆ ಐದು ಜನ ಒಂದು ಕೋಣೆಯಲ್ಲಿ ಕೂತು ಮಾತಾಡುವಂತಿರಲಿಲ್ಲ. ಮ್ಯಾನೇಜರು ಎರಡು ಸಲ ಬಂದು ಬಾಗಿಲು ತಟ್ಟಿದ. ಶನಿವಾರ ರಾತ್ರಿಯ ಎರಡು ಗಂಟೆ ಹಾಗೆ ಹಾಳಾಯಿತು.

ಮೈಸೂರು

ಬೆಂಗಳೂರಿನಲ್ಲಿ ನಾಟಕ ಜಾಸ್ತಿ, ಸಮಾಧಾನ ಕಡಿಮೆ. ಮೈಸೂರಿನಲ್ಲಿ ಅದು ಉಲ್ಟಾ.

ಇಲ್ಲಿನ ಮುಖ್ಯ ಜಾಗ ರಂಗಾಯಣ. 1989ರಲ್ಲಿ ಸರ್ಕಾರ ಶುರುಮಾಡಿದ ರೆಪರ್ಟರಿ. ಮೊದಲ ನಿರ್ದೇಶಕರು ಬಿ.ವಿ. ಕಾರಂತರು. ಸಂಬಳಕ್ಕಿರುವ ಕಲಾವಿದರು ವರ್ಷವಿಡೀ ನಾಟಕವನ್ನೇ ಮಾಡುವ ವ್ಯವಸ್ಥೆ. ಆಫೀಸು ಮುಗಿಸಿ ಬಂದು ರಿಹರ್ಸಲ್ ಮಾಡುವ ಹವ್ಯಾಸಿ ತಂಡಕ್ಕೂ ಇದಕ್ಕೂ ವ್ಯತ್ಯಾಸ ಮೊದಲ ಹತ್ತು ನಿಮಿಷದಲ್ಲೇ ಕಾಣುತ್ತದೆ. ನಡೆಯುವ ರೀತಿ, ಹಾಡುವ ರೀತಿ, ಎಲ್ಲರೂ ಒಟ್ಟಿಗೆ ತಿರುಗುವ ರೀತಿ. ಹವ್ಯಾಸಿ ತಂಡದಲ್ಲಿ ಒಬ್ಬಿಬ್ಬರು ಮಿಂಚುತ್ತಾರೆ, ರೆಪರ್ಟರಿಯಲ್ಲಿ ಗುಂಪೇ ಮಿಂಚುತ್ತದೆ. ಹಾಗಂತ ಹವ್ಯಾಸಿಗಳನ್ನು ಕಡೆಗಣಿಸಬೇಡಿ. ಕೆಲವೊಮ್ಮೆ ಅವರ ಹುಚ್ಚು ಸಂಬಳದವರಲ್ಲಿ ಇರುವುದಿಲ್ಲ.

ರಂಗಾಯಣ ಇರುವುದು ಕಲಾಮಂದಿರದ ಆವರಣದಲ್ಲಿ, ಹುಣಸೂರು ರಸ್ತೆಯಲ್ಲಿ. ರೈಲ್ವೆ ಸ್ಟೇಷನ್ನಿಗೆ ಹತ್ತಿರ, ಕಾಲು ಗಟ್ಟಿ ಇದ್ದರೆ ನಡೆದೇ ಹೋಗಬಹುದು. ಭೂಮಿಗೀತ ಅನ್ನುವ ಚಿಕ್ಕ ರಂಗಮಂದಿರ, ಮರಗಳ ನಡುವೆ ವನರಂಗ ಅನ್ನುವ ಬಯಲು ರಂಗ. ವಾರಾಂತ್ಯದಲ್ಲಿ ಸಂಜೆ ಆರೂವರೆ ಹೊತ್ತಿಗೆ ನಾಟಕ ಆಡುವುದು ಅಲ್ಲಿನ ರೂಢಿ. ರಾಮಕೃಷ್ಣನಗರದಲ್ಲಿ ಮಂಡ್ಯ ರಮೇಶ್ ಅವರ ನಟನ ರಂಗಶಾಲೆಯೂ ಇದೆ. ಅಲ್ಲೂ ವಾರಾಂತ್ಯಕ್ಕೆ ನಾಟಕ ಇರುತ್ತವೆ. ಹೊರಡುವ ಮುಂಚೆ ಎರಡೂ ಕಡೆ ವಿಚಾರಿಸಿಕೊಳ್ಳಿ. ಬೆಂಗಳೂರಿನ ಹಾಗೆ ಹೋದಾಗಲೆಲ್ಲ ಏನಾದರೊಂದು ಇರುತ್ತದೆ ಅನ್ನುವ ಧೈರ್ಯ ಇಲ್ಲಿ ಬೇಡ. ತಂಡ ಪ್ರವಾಸ ಹೋಗಿದ್ದರೆ ನಿಮಗೆ ಸಿಗೋದು ಬೀಗ.

ಆರೂವರೆಗೆ ಶುರುವಾದ ನಾಟಕ ಎಂಟೂವರೆಯೊಳಗೆ ಮುಗಿಯುತ್ತದೆ. ಈ ಒಂದು ಗಂಟೆಯ ವ್ಯತ್ಯಾಸ ಸಣ್ಣದಲ್ಲ. ಹೋಟೆಲುಗಳು ತೆರೆದೇ ಇರುತ್ತವೆ, ಯಾರಿಗೂ ಅವಸರ ಇರುವುದಿಲ್ಲ. ಮರದ ಕೆಳಗೆ ನಟರೂ ಬಂದು ನಿಲ್ಲುತ್ತಾರೆ. ಬಣ್ಣ ಅರ್ಧ ಒರೆಸಿಕೊಂಡ ರಾಜನೊಬ್ಬ ನಮ್ಮ ಮೇಷ್ಟ್ರ ಹತ್ತಿರ ಬೆಂಕಿಪೊಟ್ಟಣ ಕೇಳಿದ್ದ. ಮೇಷ್ಟ್ರಿಗೆ ಬೀಡಿ-ಸಿಗರೇಟಿನ ಅಭ್ಯಾಸ ಇಲ್ಲ. ಆದರೂ ಓಡಿ ಹೋಗಿ ಅಂಗಡಿಯಿಂದ ತಂದುಕೊಟ್ಟರು. ಅರ್ಧ ಗಂಟೆ ನಾಟಕದ ಬಗ್ಗೆ ಮಾತಾಡಿದರು. ಬೆಂಗಳೂರಿನಲ್ಲಿ ಈ ಥರದ್ದು ನಮಗೆ ಒಮ್ಮೆಯೂ ಆಗಿಲ್ಲ.

ತೊಂದರೆ ಇರೋದು ದಾರಿಯಲ್ಲಿ. ಮೈಸೂರಿಗೆ ಹಗಲಿನ ರೈಲು ಭದ್ರಾವತಿ, ಬೀರೂರು, ಅರಸೀಕೆರೆ, ಹಾಸನದ ಮೇಲೆ ಹೋಗುತ್ತದೆ. ಹೆಚ್ಚುಕಡಿಮೆ ಆರು ಗಂಟೆ ಹಿಡಿಯುತ್ತದೆ. ರಾತ್ರಿ ರೈಲು ಬೆಂಗಳೂರು ಸುತ್ತಿಕೊಂಡು ಹೋಗುತ್ತದೆ. ಭಾನುವಾರ ಸಂಜೆಯ ನಾಟಕ ನೋಡಿದರೆ ವಾಪಸ್ ಬರಲು ರಾತ್ರಿ ಬಸ್ಸೇ ಗತಿ, ಏಕೆಂದರೆ ಆ ರೈಲು ನಾಟಕದ ಮಧ್ಯದಲ್ಲೇ ಮೈಸೂರು ಬಿಟ್ಟಿರುತ್ತದೆ. ಅದಕ್ಕೆ ಸೋಮವಾರ ರಜೆ ಇಲ್ಲದವರಿಗೆ ಮೈಸೂರು ಅಂದರೆ ಶನಿವಾರದ ಒಂದೇ ನಾಟಕ, ಭಾನುವಾರ ಹಗಲು ಪ್ರಯಾಣ. ಒಂದು ನಾಟಕಕ್ಕೆ ಹನ್ನೆರಡು ಗಂಟೆ ರೈಲು. ಲೆಕ್ಕ ಹಾಕಿದರೆ ನಷ್ಟ ಅಂತ ಕಾಣುತ್ತದೆ. ಆದರೆ ಭಾನುವಾರದ ಆ ಆರು ಗಂಟೆ ಕಿಟಕಿ ಪಕ್ಕ ಎದುರುಬದುರು ಕೂತು, ಅರಸೀಕೆರೆಯಲ್ಲಿ ಇಳಿದು ಟೀ ಕುಡಿದು ಹತ್ತಿ, ನಿನ್ನೆಯ ನಾಟಕ ಪೂರ್ತಿ ಬಿಚ್ಚಿ ಹರಡಬಹುದು. ರೈಲು ಭದ್ರಾವತಿ ದಾಟುವಾಗಲೂ ಮಾತು ಮುಗಿಯದೆ ಇದ್ದದ್ದುಂಟು.

ಮೈಸೂರಿಗೆ ನಿಜವಾಗಿ ಹೋಗಬೇಕಾದ್ದು ಬಹುರೂಪಿ ರಾಷ್ಟ್ರೀಯ ನಾಟಕೋತ್ಸವದ ಸಮಯದಲ್ಲಿ. ರಂಗಾಯಣದ ಆವರಣದಲ್ಲಿ ಹಲವು ಭಾಷೆಯ ನಾಟಕ, ಜಾನಪದ, ಪುಸ್ತಕದ ಮಳಿಗೆ, ತಿಂಡಿ ಮಳಿಗೆ ಎಲ್ಲ ಒಟ್ಟಿಗೆ. ಆಗ ಒಂದೇ ದಿನದಲ್ಲಿ ಎರಡು-ಮೂರು ನಾಟಕ ಸಿಗುತ್ತವೆ, ದಾರಿಯ ಲೆಕ್ಕ ಸರಿಹೋಗುತ್ತದೆ. ತಿಂಗಳು ವರ್ಷದಿಂದ ವರ್ಷಕ್ಕೆ ಆಚೀಚೆ ಆಗುತ್ತದೆ. ಹೆಚ್ಚಾಗಿ ಚಳಿಗಾಲ ಅಥವಾ ಅದರ ಬೆನ್ನಿಗೆ. ದಸರಾ ಸಮಯದಲ್ಲಿ ಮಾತ್ರ ನಾಟಕದ ನೆಪದಲ್ಲಿ ಮೈಸೂರಿಗೆ ಹೋಗಬೇಡಿ. ರೂಮಿನ ಬಾಡಿಗೆ ಕೇಳಿದರೆ ನಾಟಕ ಮರೆತುಹೋಗುತ್ತದೆ.

ಹೆಗ್ಗೋಡು

ಸಿಟಿ ಟ್ರಿಪ್ ಅಂತ ಹೊರಟವರಿಗೆ ಹೆಗ್ಗೋಡು ಹೇಳೋದು ಎಂತಕ್ಕೆ ಅಂತ ಕೇಳಬಹುದು. ನಗರದವರೇ ನಾಟಕ ನೋಡಲು ನಮ್ಮ ಸಾಗರ ತಾಲ್ಲೂಕಿಗೆ ಬರುವಾಗ ನಾವು ಅದನ್ನು ದಾಟಿ ಆಚೆ ಹೋಗೋದು ತಮಾಷೆ ಅಲ್ವಾ?

ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಶುರುವಾಗಿದ್ದು 1949ರಲ್ಲಿ. ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಅನ್ನೋದು ಪೂರ್ತಿ ಹೆಸರು. ಅಡಿಕೆ ಬೆಳೆಯುವ ಊರಿನವರು ಕೂಡಿ ಕಟ್ಟಿದ್ದು. ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ತಿರುಗಾಟ ಅಂದರೆ ವರ್ಷಕ್ಕೆ ಎರಡು-ಮೂರು ನಾಟಕ ಸಿದ್ಧಮಾಡಿಕೊಂಡು, ರಂಗಸಜ್ಜಿಕೆ, ದೀಪ ಎಲ್ಲ ಹೇರಿಕೊಂಡು ಊರೂರು ಸುತ್ತುವುದು. ಯಕ್ಷಗಾನ ಮೇಳ ನೋಡಿದ ನಮಗೆ ಇದು ಹೊಸದಲ್ಲ.

ಹೋಗುವುದಾದರೆ ಅಕ್ಟೋಬರ್. ಸಾಮಾನ್ಯವಾಗಿ ಆಗಲೇ ಸಂಸ್ಕೃತಿ ಶಿಬಿರ ನಡೆಯುತ್ತದೆ. ಹಗಲು ಮಾತು-ಚರ್ಚೆ, ಸಂಜೆ ನಾಟಕ. ಶಿಬಿರಕ್ಕೆ ಸೇರದಿದ್ದರೂ ಸಂಜೆಯ ನಾಟಕಕ್ಕೆ ಹೋಗಬಹುದು. ಆ ವರ್ಷದ ತಿರುಗಾಟದ ನಾಟಕಗಳನ್ನು ಅಲ್ಲೇ, ಹೊರಡುವ ಮುಂಚೆ ನೋಡಬಹುದು. ಪ್ರೇಕ್ಷಕರಲ್ಲಿ ಊರಿನವರು ಇರುತ್ತಾರೆ ಅನ್ನೋದು ನನಗೆ ಬಹಳ ಇಷ್ಟ. ದಿನವಿಡೀ ತೋಟದಲ್ಲಿ ಕೆಲಸ ಮಾಡಿ, ಟಾರ್ಚ್ ಹಿಡಿದು ಬಂದು ಕೂತವರು. ದೊಡ್ಡ ದೊಡ್ಡ ಪಾಶ್ಚಾತ್ಯ ನಾಟಕ ನೋಡಿ, ಇವನ ಪಾರ್ಟು ಹೋದ ವರ್ಷದವನಷ್ಟು ಬಂದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳುತ್ತಾರೆ. ಅಂಥ ವಿಮರ್ಶೆ ಪೇಪರಿನಲ್ಲಿ ಸಿಗುವುದಿಲ್ಲ.

ಶಿವಮೊಗ್ಗದಿಂದ ಸಾಗರ 70 ಕಿಲೋಮೀಟರ್ ಚಿಲ್ಲರೆ. ರೈಲಿನಲ್ಲಿ ಹೋದರೆ ದಾರಿಯಲ್ಲಿ ಅರಸಾಳು. ಸಾಗರದಿಂದ ಹೆಗ್ಗೋಡು ಎಂಟು-ಹತ್ತು ಕಿಲೋಮೀಟರ್. ನಾಟಕ ಮುಗಿದ ಮೇಲೆ ಬಸ್ಸು ನಂಬಬೇಡಿ. ಸ್ವಂತ ಗಾಡಿ ಇಲ್ಲದಿದ್ದರೆ ಸಾಗರದಲ್ಲೇ ಆಟೊದವರ ಹತ್ತಿರ ವಾಪಸ್ ಬರುವುದಕ್ಕೂ ಮಾತಾಡಿಕೊಂಡು ಹೋಗಿ. ಉಳಿಯಲು ಸಾಗರದಲ್ಲಿ ರೂಮು ಮಾಡುವುದು ಸುಲಭ. ಹಗಲು ಹೊತ್ತಿಗೆ ಇಕ್ಕೇರಿ, ಕೆಳದಿ ನೋಡಬಹುದು. ಹೆಗ್ಗೋಡಿನ ಹತ್ತಿರವೇ ಭೀಮನಕೋಣೆಯಲ್ಲಿ ಚರಕ ಅನ್ನುವ ಕೈಮಗ್ಗದ ಸಂಸ್ಥೆ ಇದೆ. ಬ್ಯಾಂಕಿನವಳು ಅಲ್ಲಿಗೆ ಹೋದರೆ ನಾಟಕದ ಟಿಕೆಟ್ಟಿನ ಹತ್ತು ಪಟ್ಟು ಖರ್ಚು ಮಾಡಿಯೇ ಬರೋದು.

ನಾಟಕ ಮುಗಿದ ಮೇಲಿನ ಎರಡು ಗಂಟೆಗೆ ಇಲ್ಲಿ ಹೋಟೆಲಿಲ್ಲ, ಗಾಂಧಿ ಬಜಾರಿಲ್ಲ. ಕತ್ತಲೆ, ಜೀರುಂಡೆ, ರಸ್ತೆ ಬದಿ ನಿಂತ ನಾಲ್ಕು ಬೈಕು. ಅಲ್ಲೇ ನಿಂತು ಮಾತಾಡುವ ಜನ. ನಮ್ಮ ಗುಂಪಿನ ಅತಿ ಉದ್ದದ ಜಗಳ ಆಗಿದ್ದು ಹೀಗೆ ನಿಂತುಕೊಂಡೇ. ಆಮೇಲೆ ತೋಟದವನ ಮನೆಗೆ ಹೋಗಿ, ಅವನ ಅಮ್ಮ ಬಡಿಸಿದ ತಂಬುಳಿ ಅನ್ನ ಉಣ್ಣುತ್ತಾ ಮುಂದುವರಿಸಿದೆವು. ಅವನ ಅಮ್ಮನೂ ನಾಟಕಕ್ಕೆ ಬಂದಿದ್ದರು. ಎರಡೂ ಕಡೆಯ ವಾದ ತಪ್ಪು ಅಂದರು.

ಕೊರತೆ ಇಲ್ಲವೇ? ಇದೆ. ವರ್ಷದ ಎಲ್ಲ ಶನಿವಾರ ಹೋದರೂ ನಾಟಕ ಇರುವುದಿಲ್ಲ. ಆಯ್ಕೆಗೆ ಅವಕಾಶ ಇಲ್ಲ, ಅವತ್ತು ಏನು ಆಡುತ್ತಾರೋ ಅದೇ. ಮತ್ತೆ ತಿರುಗಾಟದ ಋತು, ಅಡಿಕೆ ಕೊಯ್ಲು, ಎರಡೂ ಒಟ್ಟಿಗೆ ಬರುತ್ತವೆ. ನವೆಂಬರ್‌ನಿಂದ ಜನವರಿವರೆಗೆ ನಮ್ಮ ಗೆಳೆಯ ಫೋನನ್ನೂ ಎತ್ತುವುದಿಲ್ಲ. ನಿಮ್ಮ ಗುಂಪಿನಲ್ಲಿ ತೋಟದವರಿದ್ದರೆ ಅಕ್ಟೋಬರ್ ದಾಟಿಸಬೇಡಿ.

ಶಿವಮೊಗ್ಗದಲ್ಲೇ ಕೂತರೆ?

ಬೇಜಾರಿಲ್ಲ. ಕುವೆಂಪು ರಂಗಮಂದಿರಕ್ಕೆ ಹೊರಗಿನ ತಂಡಗಳು ಬರುತ್ತಿರುತ್ತವೆ, ನೀನಾಸಂ ತಿರುಗಾಟವೂ ಬರುತ್ತದೆ. ಮೈಸೂರಿನ ಹಾಗೆ ಶಿವಮೊಗ್ಗಕ್ಕೂ ಒಂದು ರಂಗಾಯಣ ಇದೆ. ಇದರ ಜೊತೆ ಊರಿನ ಹವ್ಯಾಸಿ ತಂಡಗಳು. ನಾಟಕ ಮುಗಿಸಿ ಗೋಪಿ ಸರ್ಕಲ್ ಕಡೆ ನಡೆದು ಹೋಗುವಾಗ ಸಿಗುವ ಮಂಡಕ್ಕಿ ಬೆಂಗಳೂರಿನಲ್ಲಿ ಇಲ್ಲ. ಆದರೆ ಗೆಳೆಯರ ಪ್ರವಾಸ ಅನ್ನುವ ಲೆಕ್ಕದಲ್ಲಿ ಇದು ಸೋಲುತ್ತದೆ. ಮನೆ ಹತ್ತಿರ ಇದ್ದರೆ ಒಬ್ಬರಿಗೆ ಹಾಲು ತರಬೇಕು, ಒಬ್ಬರಿಗೆ ಮಗುವಿನ ಹೋಂವರ್ಕ್. ನಾಟಕ ಮುಗಿದ ಹತ್ತು ನಿಮಿಷಕ್ಕೆ ಎಲ್ಲ ಖಾಲಿ.

ಜಾತ್ರೆಯ ಕಾಲವಾದರೆ ಮಾತು ಬೇರೆ. ಮೂರು ವರ್ಷಕ್ಕೊಮ್ಮೆ ಆಗುವ ಸಾಗರದ ಮಾರಿಕಾಂಬಾ ಜಾತ್ರೆಯಂಥ ಕಡೆ ಕಂಪನಿ ನಾಟಕದ ಟೆಂಟು ಬಿದ್ದರೆ ಬಿಡಬೇಡಿ. ಡಬಲ್ ಮೀನಿಂಗ್ ಮಾತಿಗೆ ಮೇಷ್ಟ್ರು ಮುಖ ಸಿಂಡರಿಸುತ್ತಾರೆ, ಆದರೆ ಎಲ್ಲರಿಗಿಂತ ಜೋರಾಗಿ ನಗುವವರೂ ಅವರೇ.

ಕಾರೋ, ರೈಲೋ?

ರೈಲು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಐದು ಜನ ಕಾರಿನಲ್ಲಿ ಹೋದರೆ ಖರ್ಚು ಉಳಿಯುತ್ತದೆ ಅನ್ನುತ್ತಾರೆ. ಆದರೆ ಓಡಿಸುವವನು ನಾಟಕದ ಕೊನೆಯ ಅರ್ಧ ಗಂಟೆ ಮನಸ್ಸಿನಲ್ಲೇ ನೆಲಮಂಗಲ ದಾಟುತ್ತಿರುತ್ತಾನೆ. ಪಾರ್ಕಿಂಗ್ ಹುಡುಕುತ್ತಾ ಮೂರನೇ ಬೆಲ್ ತಪ್ಪಿಸಿಕೊಳ್ಳುವವನೂ ಅವನೇ. ರಾತ್ರಿ ವಾಪಸ್ ಬರುವಾಗ ಉಳಿದ ನಾಲ್ವರೂ ನಿದ್ದೆ. ಅವನೊಬ್ಬನೇ ಎದ್ದಿರಬೇಕು. ಹೆಗ್ಗೋಡಿಗಾದರೆ ಕಾರೇ ಬೇಕು, ಅದು ಬೇರೆ.

2023ರಿಂದ ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಇದೆ. ಬೆಂಗಳೂರಿಗೆ ಹಾರಲು ಹಿಡಿಯುವ ಹೊತ್ತಿಗಿಂತ ದೇವನಹಳ್ಳಿಯಿಂದ ಜೆ.ಪಿ. ನಗರಕ್ಕೆ ಹೋಗಲು ಹಿಡಿಯುವ ಹೊತ್ತೇ ಜಾಸ್ತಿ. ನಾಟಕಕ್ಕಂತೂ ಬೇಡ.

ಯಾರಿಗೆ ಯಾವುದು

ಗುಂಪಿನಲ್ಲಿ ಹೊಸಬರಿದ್ದರೆ ಬೆಂಗಳೂರು. ಶನಿವಾರ ಸಂಜೆ ಒಂದು, ಭಾನುವಾರ ಮಧ್ಯಾಹ್ನ ಒಂದು. ಎರಡರಲ್ಲಿ ಒಂದು ನಗಿಸುವ ನಾಟಕ ಇರಲಿ, ಒಂದೂವರೆ ಗಂಟೆ ಮೀರದಿರಲಿ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ವಯಸ್ಸಿನ ನಿಯಮ ಏನಿದೆ ಅಂತ ಮೊದಲೇ ನೋಡಿ.

ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಮೈಸೂರು. ಬೇಗ ಮುಗಿಯುತ್ತದೆ, ಊರು ಸಮಾಧಾನದ್ದು, ಹಗಲಿಗೆ ಚಾಮುಂಡಿ ಬೆಟ್ಟ ಇದ್ದೇ ಇದೆ. ನಾಟಕದ ರುಚಿ ಈಗಾಗಲೇ ಹತ್ತಿದವರು, ಎರಡು ದಿನ ಬೇರೇನೂ ಬೇಡ ಅನ್ನುವವರು ಹೆಗ್ಗೋಡಿಗೆ ಹೋಗಿ. ಶಾಪಿಂಗ್ ಮಾಡುವ ಗೆಳೆಯರಿದ್ದರೆ ಹೆಗ್ಗೋಡಿಗೆ ಕರೆದುಕೊಂಡು ಹೋಗಬೇಡಿ. ಭೀಮನಕೋಣೆ ಅರ್ಧ ದಿನಕ್ಕೆ ಮುಗಿಯುತ್ತದೆ, ಆಮೇಲೆ ಅವರ ಮುಖ ನೋಡಲಾಗುವುದಿಲ್ಲ.

ಎಲ್ಲಿಗೇ ಹೋದರೂ ಹೊಸ ನಾಟಕದ ಮೊದಲ ಪ್ರದರ್ಶನಕ್ಕೆ ಅಂತಲೇ ಇಷ್ಟು ದೂರದಿಂದ ಹೋಗಬೇಡಿ. ಮೊದಲ ದಿನ ಬೆಳಕು ಒಂದು ಕಡೆ, ನಟ ಒಂದು ಕಡೆ ಇರುತ್ತಾರೆ. ಐದಾರು ಪ್ರದರ್ಶನ ಆದ ಮೇಲೆ ನಾಟಕ ಹದಕ್ಕೆ ಬರುತ್ತದೆ. ಊರಿನವರು ಮೊದಲ ದಿನ ನೋಡಲಿ, ನಾವು ಆಮೇಲೆ ಹೋಗೋಣ.

ಟಿಕೆಟ್ ತೆಗೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ವಾಪಸ್ ಬರುವ ರೈಲು, ಆಮೇಲೆ ನಾಟಕ, ಕೊನೆಗೆ ರೂಮು. ಭಾನುವಾರ ರಾತ್ರಿಯ ತಾಳಗುಪ್ಪ ರೈಲು ಬೇಗ ತುಂಬುತ್ತದೆ. ಐದೂ ಬರ್ತು ಒಂದೇ ಬೋಗಿಯಲ್ಲಿ ಬೇಕಾದರೆ ಐದು ಹೆಸರನ್ನೂ ಒಂದೇ ಟಿಕೆಟ್ಟಿನಲ್ಲಿ, ತಿಂಗಳ ಮುಂಚೆಯೇ ಹಾಕಿ. ಸೈಡ್ ಲೋಯರ್ ಯಾರಿಗೆ ಬಂದರೂ ಅದನ್ನು ಮೇಷ್ಟ್ರಿಗೆ ಬಿಡೋದು ನಮ್ಮಲ್ಲಿ ನಿಯಮ. ತುಮಕೂರು ದಾಟುವವರೆಗೆ ಎಲ್ಲರೂ ಅಲ್ಲೇ ಒತ್ತಿಕೊಂಡು ಕೂರುತ್ತೇವೆ. ಪಕ್ಕದವರು ಲೈಟ್ ಆರಿಸಿ ಅನ್ನುವವರೆಗೆ.

ಈ ಸಲ ಎಲ್ಲಿಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ. ಮೇಷ್ಟ್ರು ಮೈಸೂರು ಅನ್ನುತ್ತಾರೆ. ಬ್ಯಾಂಕಿನವಳು ಬೆಂಗಳೂರು. ಮೆಡಿಕಲ್ ಶಾಪಿನವನು ಎಲ್ಲಿಗಾದರೂ ಸರಿ, ಅಳಿಸುವ ನಾಟಕ ಬೇಡ ಅಂತಾನೆ. ತೋಟದವನು ಕೊಯ್ಲು ಮುಗಿಯಲಿ ಅಂತ ಮೆಸೇಜ್ ಹಾಕಿ ಸುಮ್ಮನಾಗಿದ್ದಾನೆ.